ಮರಕ್ಕೆ ನೀರು ಕುಡಿಸಿದ್ಯಾ?

ಗಿಣಿಯ ಕೊಕ್ಕು ಈಗಲೂ ಅಚ್ಚಿನೊಳಗೇ ಇದೆ. ಸೂಜಿ ಹಾಕಿ ಕೆದಕಿದೆ. ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿದೆ. ಬರಲಿಲ್ಲ. ಅಜ್ಜಿ ಮದುವೆಯಾಗಿ ಬರುವಾಗ ತವರಿನಿಂದ ತಂದ ತೇಗದ ಸಕ್ಕರೆ ಅಚ್ಚು ಅದು. ಅರವತ್ತು ಸಂಕ್ರಾಂತಿ ಕಂಡಿದೆ. ಅದರೊಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದವಳು ನಾನು.

ಶುರುವಾಗಿದ್ದು ಮಗಳ ಕ್ರಾಫ್ಟ್ ಪೀರಿಯಡ್‌ನಿಂದ. ಪಿಒಪಿ, ಅಂದರೆ ಇದೇ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ, ತನ್ನಿ ಅಂತ ಹೇಳಿ ಕಳಿಸಿದ್ದರು. ಮಂಡಿಪೇಟೆಗೆ ಹೋಗಿ ಒಂದು ಕೆಜಿ ಪೊಟ್ಟಣ ತಂದೆ. ಶಾಲೆಗೆ ಬೇಕಾಗಿದ್ದು ಎರಡು ಲೋಟ ಅಷ್ಟೇ, ಮಿಕ್ಕಿದ್ದು ಅಡುಗೆಮನೆಯ ಮೂಲೆಯಲ್ಲಿ ಕೂತಿತ್ತು. ಒಂದು ಭಾನುವಾರ ಮಧ್ಯಾಹ್ನ ಅಟ್ಟದ ಮೇಲಿದ್ದ ತಗಡಿನ ಡಬ್ಬ ನೆನಪಾಯಿತು. ಅದರಲ್ಲಿ ಅಜ್ಜಿ ನನಗೆ ಕೊಟ್ಟ ಹನ್ನೊಂದು ಅಚ್ಚು ಇದ್ದವು. ಆನೆ, ಗಿಣಿ, ಮೀನು, ಗೋಪುರ, ತುಳಸಿಕಟ್ಟೆ, ಬಾಳೆಗೊನೆ, ಹೀಗೆ. ಅಚ್ಚು ಇದೆ, ಸುರಿಯುವ ಪದಾರ್ಥ ಇದೆ, ಇನ್ನೇನು ಬೇಕು ಅನ್ನಿಸಿತು. ಗಿಣಿಯ ಎರಡು ಹೋಳು ಜೋಡಿಸಿ, ದಾರ ಬಿಗಿದು, ಪಿಒಪಿ ಕಲಸಿ ಹೊಯ್ದೆ. ಒಂದು ಗಂಟೆ ಬಿಟ್ಟು ದಾರ ಬಿಚ್ಚಿದರೆ ಅಚ್ಚು ಬಾಯಿ ಬಿಡಲೇ ಇಲ್ಲ. ಸಂದಿಗೆ ಚಾಕು ತೂರಿಸಿ ಮೀಟಿದೆ. ಟಕ್ ಅಂತು. ಮೈ ಚೂರು ಚೂರಾಗಿ ಈಚೆ ಬಂತು, ಕೊಕ್ಕು ಮರದೊಳಗೇ ಉಳಿಯಿತು.

ಅಜ್ಜಿ ಇರುವುದು ಗುಬ್ಬಿ ಹತ್ತಿರದ ಊರಲ್ಲಿ. ಫೋನ್ ಮಾಡಿದೆ. ಹೇಳದೆ ಮುಚ್ಚಿಡಬಹುದಿತ್ತು, ಆದರೆ ಆ ಡಬ್ಬ ನನ್ನ ಕೈಗೆ ಕೊಡುವಾಗ ಅವಳು ಒಂದೊಂದೇ ಅಚ್ಚನ್ನು ಸೆರಗಿನಲ್ಲಿ ಒರೆಸಿ ಇಟ್ಟಿದ್ದನ್ನು ನೋಡಿದ್ದೆ. ಮನಸ್ಸು ಒಪ್ಪಲಿಲ್ಲ. ಎಲ್ಲ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಒಂದೇ ಪ್ರಶ್ನೆ.

"ಮರಕ್ಕೆ ನೀರು ಕುಡಿಸಿದ್ಯಾ?"

ಕುಡಿಸಿರಲಿಲ್ಲ.

ಸಕ್ಕರೆ ಅಚ್ಚು ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ಹಳೇ ಮೈಸೂರು ಕಡೆ, ನಮ್ಮ ತುಮಕೂರು ಸೀಮೆಯಲ್ಲೂ, ಸಂಕ್ರಾಂತಿಗೆ ಎಳ್ಳು ಬೀರುವಾಗ ಜೊತೆಗೆ ಸಕ್ಕರೆಯ ಗೊಂಬೆ ಕೊಡುತ್ತೇವೆ. ಅದನ್ನು ಮಾಡುವ ಮರದ ಅಚ್ಚಿಗೂ ಸಕ್ಕರೆ ಅಚ್ಚು ಅನ್ನುತ್ತೇವೆ, ಅದರಿಂದ ಬಂದ ಗೊಂಬೆಗೂ ಸಕ್ಕರೆ ಅಚ್ಚು ಅಂತಲೇ ಅನ್ನುತ್ತೇವೆ. ಹಿಂದಿನ ದಿನವೇ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಬೇಕು. ಸಕ್ಕರೆಗೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಒಂದು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಬಿಳಿ ಬಟ್ಟೆಯಲ್ಲಿ ಶೋಧಿಸಬೇಕು. ಆಮೇಲೆ ಎರಡೆರಡೇ ಸೌಟು ಪಾಕವನ್ನು ಸಣ್ಣ ಪಾತ್ರೆಗೆ ಹಾಕಿಕೊಂಡು ಮತ್ತೆ ಕಾಯಿಸಿ, ಮರದ ಕಡ್ಡಿಯಿಂದ ತಿರುವುತ್ತಾ ಇದ್ದರೆ, ಪಾತ್ರೆಯ ಅಂಚಿನಲ್ಲಿ ಒಂದು ಬಿಳಿ ಮಬ್ಬು ಕಾಣಿಸುತ್ತದೆ. ಅದೇ ಹದ. ಆ ಗಳಿಗೆಯಲ್ಲಿ ಹೊಯ್ದುಬಿಡಬೇಕು. ಮೊದಲೇ ಹೊಯ್ದರೆ ಅಂಟಂಟು, ಗಟ್ಟಿಯೇ ಆಗಲ್ಲ. ತಡವಾದರೆ ಪಾತ್ರೆಯಲ್ಲೇ ಪುಡಿ ಸಕ್ಕರೆ.

ನನಗೆ ಇದೆಲ್ಲ ಚಿಕ್ಕಂದಿನಿಂದ ಗೊತ್ತು. ಅಚ್ಚು ನೆನೆಹಾಕುವುದೂ ಗೊತ್ತಿತ್ತು. ಆದರೆ ಅದು ಸಕ್ಕರೆಗೆ ಮಾಡುವ ಕೆಲಸ ಅಂದುಕೊಂಡಿದ್ದೆನೇ ಹೊರತು, ಅದು ಮರಕ್ಕೆ ಮಾಡುವ ಕೆಲಸ ಅಂತ ಹೊಳೆದಿರಲಿಲ್ಲ. ಒಣ ಮರಕ್ಕೆ ಬಾಯಾರಿಕೆ. ಅದರ ಮೇಲೆ ಏನೇ ಒದ್ದೆ ಬಿದ್ದರೂ ನೀರನ್ನು ಹೀರಿಕೊಳ್ಳುತ್ತದೆ. ನೀರಿನ ಜೊತೆ ಪಿಒಪಿಯ ಸಣ್ಣ ಸಣ್ಣ ಕಣಗಳೂ ಮರದ ರಂಧ್ರಗಳಿಗೆ ಇಳಿದು ಅಲ್ಲೇ ಗಟ್ಟಿಯಾಗುತ್ತವೆ. ಅದು ಅಂಟಲ್ಲ, ಬೇರು. ಚಾಕು ಹಾಕಿ ಮೀಟಿದರೆ ಬರುತ್ತದೆಯೇ? ಮೊದಲೇ ನೀರು ಕುಡಿದು ಹೊಟ್ಟೆ ತುಂಬಿದ ಮರವಾಗಿದ್ದರೆ ಅಷ್ಟು ಹೀರುತ್ತಲೇ ಇರಲಿಲ್ಲ. ಮೇಲೆ ಒಂದು ಕೈ ಸೋಪಿನ ನೀರು ಬಳಿದಿದ್ದರೆ ಇನ್ನೂ ಸಲೀಸು.

ಆ ದಿನದಿಂದ ನನಗೆ ಪಿಒಪಿಯ ಹುಚ್ಚು ಹಿಡಿಯಿತು. ಗಿಣಿಯ ಅಚ್ಚು ಇನ್ನು ತಿನ್ನುವ ಪದಾರ್ಥಕ್ಕೆ ಬಾರದು. ಅದು ನನ್ನಿಂದ ಆದ ನಷ್ಟ, ಸರಿಹೋಗುವಂಥದ್ದಲ್ಲ. ಕನಿಷ್ಠ ಉಳಿದ ಹತ್ತರ ಪಡಿಯಚ್ಚನ್ನಾದರೂ ಮಾಡಿಡಬೇಕು ಅನ್ನಿಸಿತು. ಅಜ್ಜಿಗೆ ನಾಲ್ಕು ಜನ ಹೆಣ್ಣುಮಕ್ಕಳು. ಅಚ್ಚು ನನ್ನೊಬ್ಬಳ ಮನೆ ಸೇರಿದ್ದು ನಾನು ಪ್ರತಿ ವರ್ಷ ಸಕ್ಕರೆ ಅಚ್ಚು ಮಾಡುತ್ತೇನೆ ಅನ್ನುವ ಒಂದೇ ಕಾರಣಕ್ಕೆ. ದೊಡ್ಡಮ್ಮಂದಿರಿಗೂ ಚಿಕ್ಕಮ್ಮನಿಗೂ ಅವುಗಳ ಮೇಲೆ ಆಸೆ ಇಲ್ಲದೇ ಇಲ್ಲ.

ಪಿಒಪಿ ಅಂದರೆ ಏನು ಅಂತ ಓದುತ್ತಾ ಹೋದಾಗ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಸಕ್ಕರೆ ಪಾಕವೇ. ಜಿಪ್ಸಂ ಅಂತ ಒಂದು ಮೆದುವಾದ ಖನಿಜ ಇದೆ. ನಮ್ಮ ದೇಶದಲ್ಲಿ ಅದು ಜಾಸ್ತಿ ಸಿಗುವುದು ರಾಜಸ್ಥಾನದಲ್ಲಿ, ಬಿಕಾನೇರ್, ನಾಗೌರ್ ಕಡೆ. ಪ್ಯಾರಿಸ್ ಊರಿನ ಮೊಂಮಾರ್ತ್ ಗುಡ್ಡದಲ್ಲಿ ಇದರ ದೊಡ್ಡ ಗಣಿಗಳಿದ್ದವು, ಹೆಸರಿನಲ್ಲಿ ಪ್ಯಾರಿಸ್ ಬಂದಿದ್ದು ಹಾಗೆ. ಜಿಪ್ಸಂ ಒಳಗೆ ನೀರು ಸೇರಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದನ್ನು ಸುಮಾರು 150 ಡಿಗ್ರಿವರೆಗೆ ಹುರಿದರೆ ಆ ನೀರಿನಲ್ಲಿ ಮುಕ್ಕಾಲು ಭಾಗ ಹೊರಟುಹೋಗುತ್ತದೆ. ಉಳಿಯುವ ಪುಡಿಯೇ ಪಿಒಪಿ. ನಾವು ಮನೆಯಲ್ಲಿ ನೀರು ಹಾಕಿ ಕಲಸಿದಾಗ, ಕಳೆದುಕೊಂಡ ನೀರನ್ನು ಅದು ವಾಪಸ್ ತೆಗೆದುಕೊಂಡು ಮತ್ತೆ ಜಿಪ್ಸಂ ಆಗುತ್ತದೆ. ಸೂಜಿಯಂಥ ಹರಳುಗಳು ಎಲ್ಲ ದಿಕ್ಕಿಗೂ ಬೆಳೆದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗಟ್ಟಿಯಾಗುವುದು ಅಂದರೆ ಒಣಗುವುದಲ್ಲ, ಹರಳುಗಟ್ಟುವುದು. ಸಕ್ಕರೆ ಅಚ್ಚೂ ಅಷ್ಟೇ ಅಲ್ವಾ!

ಹರಳು ಅಂದಮೇಲೆ ಎರಡೂ ಕಡೆ ಒಂದೇ ಥರದ ಸೂಕ್ಷ್ಮಗಳು. ಸಕ್ಕರೆ ಪಾಕದಲ್ಲಿ ಒಂದು ಹರಳು ಹುಟ್ಟಿದರೆ ಅದನ್ನು ಹಿಡಿದು ಸಾವಿರ ಹರಳು ಬೆಳೆಯುತ್ತವೆ. ಅದಕ್ಕೇ ಅಜ್ಜಿ ಹಳೇ ಪಾಕ ಅಂಟಿದ ಪಾತ್ರೆಯನ್ನು ತೊಳೆಯದೆ ಹೊಸ ಪಾಕಕ್ಕೆ ಬಳಸಲು ಬಿಡುತ್ತಿರಲಿಲ್ಲ. ಪಿಒಪಿಯಲ್ಲೂ ಹಾಗೇ. ಹಿಂದಿನ ಸಲ ಗಟ್ಟಿಯಾದ ಚೂರು ಬಟ್ಟಲಿನಲ್ಲಿ ಉಳಿದಿದ್ದರೆ ಹೊಸದು ನೋಡನೋಡುತ್ತಾ ಹೆಪ್ಪುಗಟ್ಟಿಬಿಡುತ್ತದೆ, ಅಚ್ಚಿಗೆ ಹೊಯ್ಯಲೂ ಪುರಸೊತ್ತು ಸಿಗಲ್ಲ. ನಿಂಬೆರಸವೂ ಎರಡಕ್ಕೂ ಒಂದೇ ಕೆಲಸ ಮಾಡುತ್ತದೆ. ಪಾಕಕ್ಕೆ ನಾಲ್ಕು ಹನಿ ಹಿಂಡಿದರೆ ಬೇಗ ಹರಳುಗಟ್ಟಲ್ಲ. ಪಿಒಪಿ ನೀರಿಗೆ ಹಿಂಡಿದರೂ ನಿಧಾನವಾಗುತ್ತದೆ. ಕಾರಣಗಳು ಬೇರೆ ಬೇರೆ. ಹುಳಿಗೆ ಸಕ್ಕರೆ ಒಡೆದು ಗ್ಲೂಕೋಸು, ಫ್ರಕ್ಟೋಸು ಆಗಿ ಹರಳಿಗೆ ಅಡ್ಡ ಬರುತ್ತವೆ. ಪಿಒಪಿಯಲ್ಲಿ ಸಿಟ್ರಿಕ್ ಆಮ್ಲ ಹರಳುಗಳ ಮೈಗೆ ಅಂಟಿಕೊಂಡು ಬೆಳೆಯಲು ಬಿಡುವುದಿಲ್ಲ. ಬೇಗ ಆಗಬೇಕು ಅಂದರೆ ಒಂದು ಚಿಟಿಕೆ ಉಪ್ಪು. ಹೀಗೆ ಅಡುಗೆಮನೆ ಡಬ್ಬಗಳಲ್ಲೇ ಎಲ್ಲ ಇದೆ ಅಂತ ಗೊತ್ತಾದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಅಜ್ಜಿಗೆ ಫೋನ್ ಮಾಡಿ ಹೇಳಿದೆ. "ಎಲ್ಲಾ ಹದದ ಮೇಲೆ ಕಣೇ" ಅಂದಳು, ಅವಳಿಗೆ ಅದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ.

ಕಲಸುವ ಕ್ರಮ ಹೇಳಿಬಿಡುತ್ತೇನೆ, ತುಂಬಾ ಜನ ಇಲ್ಲೇ ತಪ್ಪುವುದು. ನೀರು ಮೊದಲು. ಪುಡಿಯನ್ನು ನೀರಿಗೆ ಹಾಕಬೇಕು, ಪುಡಿಗೆ ನೀರು ಹಾಕಬಾರದು. ಅಳತೆ ಲೋಟದಲ್ಲಾದರೆ ಒಂದು ನೀರು, ಎರಡು ಪುಡಿ. ತೂಕದಲ್ಲಾದರೆ 100 ಗ್ರಾಂ ಪುಡಿಗೆ 60ರಿಂದ 70 ಗ್ರಾಂ ನೀರು. ರಂಗೋಲಿ ಬಿಡುವ ಹಾಗೆ ಬೆರಳ ಸಂದಿಯಿಂದ ಪುಡಿಯನ್ನು ನೀರಿನ ಮೇಲೆಲ್ಲ ಉದುರಿಸುತ್ತಾ ಹೋಗಿ. ಮೊದಲು ಮುಳುಗುತ್ತದೆ. ಬರುಬರುತ್ತಾ ಮೇಲೆ ಸಣ್ಣ ಸಣ್ಣ ದಿಬ್ಬಗಳು ಏಳುತ್ತವೆ, ಬೇಸಿಗೆಯಲ್ಲಿ ನಮ್ಮ ಕೆರೆಗಳಲ್ಲಿ ನೀರು ಇಳಿದಾಗ ಕಾಣುವ ನಡುಗಡ್ಡೆಗಳ ಹಾಗೆ. ಆಗ ನಿಲ್ಲಿಸಿ. ಒಂದು ನಿಮಿಷ ಮುಟ್ಟಬೇಡಿ, ಅದು ನೀರು ಕುಡಿಯಲಿ. ಆಮೇಲೆ ಚಮಚವನ್ನು ತಳಕ್ಕೆ ಇಟ್ಟು ನಿಧಾನವಾಗಿ ತಿರುವಿ. ಮೊಟ್ಟೆ ಕಲಕುವ ಹಾಗೆ ಬಡಿದರೆ ಗಾಳಿ ತುಂಬಿಕೊಂಡು ಗೊಂಬೆಯ ಮುಖದ ಮೇಲೆಲ್ಲ ತೂತು. ಇಡ್ಲಿ ಹಿಟ್ಟಿಗಿಂತ ಒಂದು ಚೂರು ತೆಳ್ಳಗಿದ್ದಾಗ ಹೊಯ್ಯಬೇಕು. ಹೊಯ್ದ ಮೇಲೆ ಅಚ್ಚನ್ನು ಮೇಜಿನ ಮೇಲೆ ಮೆತ್ತಗೆ ಕುಟ್ಟಿದರೆ ಗುಳ್ಳೆಗಳು ಮೇಲೆ ಬರುತ್ತವೆ.

ಹೊಯ್ದು ಹತ್ತು ಹದಿನೈದು ನಿಮಿಷಕ್ಕೆ ಅಚ್ಚಿನ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಾಗಿರುತ್ತದೆ. ಹುರಿಯುವಾಗ ಕೊಟ್ಟ ಶಾಖವೇ ವಾಪಸ್ ಬರುತ್ತಿದೆ. ಮಗಳು ಇದನ್ನು ಕೋಳಿ ಮೊಟ್ಟೆ ಅನ್ನುತ್ತಾಳೆ. ಆದರೆ ಇದೇ ಬಿಸಿ ಅಪಾಯವೂ ಹೌದು. ದಪ್ಪನೆಯ ರಾಶಿಯಾದರೆ ಚರ್ಮ ಸುಡುವಷ್ಟು, 60 ಡಿಗ್ರಿವರೆಗೂ ಹೋಗಬಹುದು. 2007ರಲ್ಲಿ ಇಂಗ್ಲೆಂಡಿನ ಒಂದು ಶಾಲೆಯಲ್ಲಿ ಹದಿನಾರು ವರ್ಷದ ಹುಡುಗಿ ತನ್ನ ಕೈಗಳ ಅಚ್ಚು ತೆಗೆಯಲು ಪಿಒಪಿ ತುಂಬಿದ ಬಕೆಟ್ಟಿನಲ್ಲಿ ಕೈಯಿಟ್ಟಳು. ಅದು ಗಟ್ಟಿಯಾಗಿ ಕೈ ಹೊರಗೆ ಬರಲಿಲ್ಲ, ಒಳಗೇ ಸುಟ್ಟಿತು. ಬೆರಳುಗಳನ್ನು ಕಳೆದುಕೊಂಡಳು. ಮಕ್ಕಳ ಕೈಯಚ್ಚು, ಪಾದದಚ್ಚು ತೆಗೆಯಬೇಕು ಅಂತ ಆಸೆ ಇರುವವರು ದಯವಿಟ್ಟು ಕೈಯನ್ನು ಪಿಒಪಿಯಲ್ಲಿ ಇಡಿಸಬೇಡಿ. ಹಲ್ಲಿನ ಡಾಕ್ಟರು ಅಳತೆ ತೆಗೆಯುತ್ತಾರಲ್ಲ, ಆ ಆಲ್ಜಿನೇಟ್ ಪುಡಿಯಲ್ಲಿ ಅಚ್ಚು ತೆಗೆದು, ಕೈ ಹೊರಗೆ ತೆಗೆದ ಮೇಲೆ, ಆ ಪೊಳ್ಳಿಗೆ ಪಿಒಪಿ ಹೊಯ್ಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಧೂಳು ಒಳ್ಳೆಯದಲ್ಲ. ಮಿಕ್ಕ ನೀರನ್ನು ಸಿಂಕಿಗೆ ಸುರಿಯಬೇಡಿ, ಪೈಪಿನೊಳಗೂ ಅದು ಗಟ್ಟಿಯಾಗುತ್ತದೆ. ಬಟ್ಟಲಿನಲ್ಲೇ ಒಣಗಲು ಬಿಟ್ಟು, ಸಿಪ್ಪೆಯ ಹಾಗೆ ಬಿಡಿಸಿ ಕಸಕ್ಕೆ ಹಾಕಿ.

ಇನ್ನು ಪಡಿಯಚ್ಚಿನ ಕಥೆ. ಅಜ್ಜಿಯ ಮರದ ಅಚ್ಚಿಗೆ ಮತ್ತೆ ಪಿಒಪಿ ತಾಗಿಸುವ ಹಾಗಿಲ್ಲ. ನೀರು ಕುಡಿಸಿದರೂ ಸರಿ, ಸೋಪು ಹಚ್ಚಿದರೂ ಸರಿ, ತಿನ್ನುವ ಅಚ್ಚು ತಿನ್ನುವುದಕ್ಕೇ ಇರಲಿ. ಹಾಗಾದರೆ ಮಾಡುವುದು ಹೇಗೆ? ಎಷ್ಟೋ ದಿನ ಯೋಚಿಸಿದೆ. ಉತ್ತರ ಸಿಕ್ಕಿದ್ದು ಸಂಕ್ರಾಂತಿ ದಿನವೇ, ತಟ್ಟೆಯಲ್ಲಿ ಸಾಲಾಗಿ ನಿಂತ ಸಕ್ಕರೆ ಆನೆಗಳನ್ನು ನೋಡುವಾಗ. ಮರದಿಂದ ಸಕ್ಕರೆ. ಸಕ್ಕರೆಯಿಂದ ರಬ್ಬರು. ರಬ್ಬರಿನಿಂದ ಪಿಒಪಿ.

ಮೊದಲು ಲ್ಯಾಟೆಕ್ಸ್, ಅಂದರೆ ರಬ್ಬರಿನ ಹಾಲು, ಬಳಿದು ನೋಡಿದೆ. ಅದರಲ್ಲಿ ನೀರಿರುತ್ತದೆ, ಆನೆಯ ಸೊಂಡಿಲು ಕರಗಿ ಹೋಯಿತು. ಆಮೇಲೆ ಸಿಲಿಕೋನ್ ತರಿಸಿದೆ. ಎರಡು ಬಾಟಲಿ ಬರುತ್ತದೆ, ಒಂದರಲ್ಲಿ ದ್ರವ, ಇನ್ನೊಂದರಲ್ಲಿ ಗಟ್ಟಿ ಮಾಡುವ ಮದ್ದು. ಅಗ್ಗವೇನಲ್ಲ, ಆದರೆ ಅದರಲ್ಲಿ ನೀರಿಲ್ಲ. ಸಕ್ಕರೆಗೆ ಏನೂ ಆಗುವುದಿಲ್ಲ. ಹೋಟೆಲಿನಿಂದ ಸಾಗು ಬಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆನೆಯನ್ನು ಜೇನುಮೇಣದಿಂದ ತಳಕ್ಕೆ ಅಂಟಿಸಿ ನಿಲ್ಲಿಸಿದೆ. ಸಿಲಿಕೋನನ್ನು ಮೇಲಿನಿಂದ ದಾರದಷ್ಟು ತೆಳ್ಳಗೆ ಡಬ್ಬಿಯ ಮೂಲೆಗೆ ಬಿಟ್ಟೆ. ಅದು ತಾನೇ ಏರುತ್ತಾ ಏರುತ್ತಾ ಆನೆಯ ಕಾಲು, ಹೊಟ್ಟೆ, ಕಿವಿ ಮುಚ್ಚಿತು. ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ಮಗುಚಿ, ಡಬ್ಬಿ ಬಿಡಿಸಿ, ರಬ್ಬರಿನ ಮುದ್ದೆಯನ್ನು ಹಾಗೇ ಉಗುರುಬೆಚ್ಚಗಿನ ನೀರಿನ ಬೋಗುಣಿಗೆ ಹಾಕಿದೆ. ಆನೆಯನ್ನು ಎಳೆಯುವ ಗೋಜೇ ಇಲ್ಲ. ಸಕ್ಕರೆ ತಾನಾಗಿ ಕರಗಿ ನೀರಾಗಿ ಹೊರಗೆ ಬಂತು. ನಾಲ್ಕು ಸಲ ನೀರು ಬದಲಿಸಿದ ಮೇಲೆ ಒಳಗೆ ಉಳಿದಿದ್ದು ಆನೆಯ ಆಕಾರದ ಜಾಗ ಮಾತ್ರ.

ಲೋಹದ ವಿಗ್ರಹ ಎರಕ ಹೊಯ್ಯುವವರು ಮೇಣದಲ್ಲಿ ಮಾಡುವುದೂ ಇದನ್ನೇ. ಮೇಣದ ಗೊಂಬೆಗೆ ಮಣ್ಣು ಮೆತ್ತಿ, ಕಾಯಿಸಿ, ಮೇಣ ಕರಗಿ ಹೋದ ಜಾಗಕ್ಕೆ ಲೋಹ ಸುರಿಯುತ್ತಾರೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಆ ವಿಧಾನವನ್ನು ಬರೆದಿಟ್ಟಿದ್ದಾನೆ. ಮೇಣದ ಬದಲು ಸಂಕ್ರಾಂತಿಯ ಸಕ್ಕರೆ, ಅಷ್ಟೇ ವ್ಯತ್ಯಾಸ. ಆ ಬೆಳಿಗ್ಗೆ ಬೋಗುಣಿ ಮುಂದೆ ಕೂತು ಸಕ್ಕರೆ ಎಳೆ ಎಳೆಯಾಗಿ ನೀರಿಗೆ ಇಳಿಯುವುದನ್ನು ನೋಡುತ್ತಾ ಅದೆಷ್ಟು ಹೊತ್ತು ಕೂತಿದ್ದೆನೋ. ಆಫೀಸಿಗೆ ಲೇಟಾಯಿತು.

ಪಿಒಪಿ ಆನೆ ಹೊರಗೆ ಬಂದಾಗ ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಮೈಮೇಲೆ ನವಿರಾದ ತರಿ. ಅದು ಪಿಒಪಿಯದಲ್ಲ, ಸಕ್ಕರೆ ಹರಳಿನದು. ಬಲಗಿವಿಯ ಹಿಂದೆ ಒಂದು ಓರೆ ಗೆರೆ ಇದೆ, ಅದು ಮರ ಕೆತ್ತಿದವನ ಉಳಿ ಜಾರಿದ ಗುರುತು. ಹೊಟ್ಟೆಯ ಕೆಳಗೆ ಅಚ್ಚಿನ ಎರಡು ಹೋಳು ಸೇರುವ ಕಡೆ ಕೂದಲೆಳೆಯಷ್ಟು ಏಣು. ಉಪ್ಪು ಕಾಗದ ತೆಗೆದುಕೊಂಡು ಅದನ್ನೆಲ್ಲ ಉಜ್ಜಲು ಕೂತವಳು ಹಾಗೇ ನಿಲ್ಲಿಸಿದೆ. ಉಜ್ಜಿದರೆ ಅದು ಅಂಗಡಿಯ ಆನೆಯಾಗುತ್ತದೆ. ಪಿಒಪಿಯ ದೊಡ್ಡ ಗುಣ ಇದೇ ಅನ್ನುವುದು ನನ್ನ ಅಭಿಪ್ರಾಯ. ಗಟ್ಟಿಯಾಗುವಾಗ ಅದು ಕುಗ್ಗುವುದಿಲ್ಲ, ಕೂದಲೆಳೆಯಷ್ಟು ಹಿಗ್ಗುತ್ತದೆ. ಹಾಗಾಗಿ ಎಂಥ ಸಣ್ಣ ಗೆರೆಯನ್ನೂ ಒತ್ತಿ ಹಿಡಿದುಕೊಳ್ಳುತ್ತದೆ.

ಬಿಚ್ಚಿದ ತಕ್ಷಣ ಬಣ್ಣ ಹಚ್ಚಬೇಡಿ. ನನ್ನ ಆನೆ ಬಿಚ್ಚಿದ ದಿನ ಅಡುಗೆಮನೆ ತಕ್ಕಡಿಯಲ್ಲಿ 118 ಗ್ರಾಂ ತೂಗಿತು. ದಿನಾ ತೂಗುತ್ತಾ ಹೋದೆ. ಆರನೇ ದಿನಕ್ಕೆ 86 ಗ್ರಾಂ, ಆಮೇಲೆ ಇಳಿಯಲಿಲ್ಲ. 100 ಗ್ರಾಂ ಪುಡಿಗೆ ಹರಳಾಗಲು ಬೇಕಾಗುವ ನೀರು 19 ಗ್ರಾಂಗಿಂತ ಕಡಿಮೆ. ಮಿಕ್ಕಿದ್ದನ್ನು ನಾವು ಹಾಕುವುದು ಸುರಿಯಲು ಸಲೀಸಾಗಲಿ ಅಂತ. ಆ ನೀರೆಲ್ಲ ಆರಿ ಹೋಗಬೇಕು. ತೂಕ ಇಳಿಯುವುದು ನಿಂತ ಮೇಲೆ ಬಣ್ಣ. ಪೊಟ್ಟಣದ ವಿಷಯದಲ್ಲೂ ಒಂದು ಮಾತು. ಒಂದು ಸಲ ಹಳೇ ಸ್ಟಾಕು ಸಿಕ್ಕಿ, ಎರಡು ಗಂಟೆಯಾದರೂ ಮೆತ್ತಗೇ ಇತ್ತು. ಗಾಳಿಯ ತೇವ ಹೀರಿದ ಪಿಒಪಿ ಕೆಲಸಕ್ಕೆ ಬಾರದು. ಮಳೆಗಾಲದಲ್ಲಂತೂ ಎರಡು ಕವರಿನಲ್ಲಿ ಕಟ್ಟಿಡಿ, ಹೊಸ ಪೊಟ್ಟಣ ತಂದಾಗ ಒಂದು ಚಮಚ ಕಲಸಿ ನೋಡಿ.

ಗಣಪತಿ ಮಾಡಿಕೊಡ್ತೀರಾ ಅಂತ ಅಕ್ಕಪಕ್ಕದವರು ಕೇಳುತ್ತಾರೆ. ಚೌತಿಗೆ ನೀರಿಗೆ ಬಿಡುವ ಗಣಪನನ್ನು ನಾನು ಪಿಒಪಿಯಲ್ಲಿ ಮಾಡುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ಕರಗುವ ಜಿಪ್ಸಂ ಎರಡೂವರೆ ಗ್ರಾಂ ಕೂಡ ಅಲ್ಲ. ನನ್ನ ಅಂಗೈ ಅಗಲದ ಆನೆ ಕರಗಲು ಎರಡು ಬಿಂದಿಗೆಗೂ ಜಾಸ್ತಿ ನೀರು ಬೇಕು, ಅದೂ ನಿಧಾನವಾಗಿ. ಆಳೆತ್ತರದ ಮೂರ್ತಿ ಕೆರೆಯ ತಳದಲ್ಲಿ ಹಾಗೇ ಬಿದ್ದಿರುತ್ತದೆ, ಮೇಲಿನ ಬಣ್ಣದ ವಿಷ ಬೇರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿಯೂ ಪಿಒಪಿ ಮೂರ್ತಿ ಬೇಡ ಅನ್ನುತ್ತದೆ. ನಮ್ಮ ಪಕ್ಕದ ಗೂಳೂರಿನಲ್ಲಿ ಆಳೆತ್ತರಕ್ಕೂ ಮೀರಿದ ಗಣಪನನ್ನು ಕೆರೆಯ ಮಣ್ಣಿನಲ್ಲೇ ಮಾಡುತ್ತಾರೆ. ಚೌತಿಗೆ ಮಣ್ಣು ತಂದು ಶುರು ಮಾಡಿ, ದೀಪಾವಳಿ ಹೊತ್ತಿಗೆ ಮುಗಿಸಿ, ಕಾರ್ತಿಕವೆಲ್ಲ ಪೂಜೆ ಮಾಡಿ, ಆಮೇಲೆ ಕೆರೆಗೆ ಬಿಡುತ್ತಾರೆ. ಅಷ್ಟು ದೊಡ್ಡ ಗಣಪನೇ ಮಣ್ಣಲ್ಲಿ ಆಗುವಾಗ ನಮ್ಮ ಮನೆಯ ಗೇಣುದ್ದದ ಗಣಪ ಆಗುವುದಿಲ್ಲವೇ? ಪಿಒಪಿ ಇಟ್ಟುಕೊಳ್ಳುವ ವಸ್ತುವಿಗೆ. ಬಿಡುವ ವಸ್ತುವಿಗೆ ಮಣ್ಣು.

ಇದೇ ಬೇಸಿಗೆ ರಜೆಯಲ್ಲಿ ಗಿಣಿಯ ಅಚ್ಚನ್ನೂ ಒಂದು ಪೊಟ್ಟಣ ಪಿಒಪಿಯನ್ನೂ ಚೀಲಕ್ಕೆ ಹಾಕಿಕೊಂಡು ಅಜ್ಜಿ ಊರಿಗೆ ಹೋದೆ. ಆ ಅಚ್ಚು ಹೇಗೂ ಅಡುಗೆಮನೆಯಿಂದ ಹೊರಬಿದ್ದಿತ್ತು. ರಾತ್ರಿ ನೆನೆಹಾಕಿದೆವು. ಬೆಳಿಗ್ಗೆ ಸೋಪಿನ ನೀರು ಬಳಿದು, ದಾರ ಕಟ್ಟಿ, ಹೊಯ್ದು, ಮುಕ್ಕಾಲು ಗಂಟೆಗೆ ಬಿಚ್ಚಿದರೆ ಅಚ್ಚು ಎರಡು ಹೋಳಾಗಿ ಸಲೀಸಾಗಿ ಬಿಟ್ಟಿತು. ರೆಕ್ಕೆಯ ಗೆರೆ ಒಂದೊಂದೂ ಬಂದಿತ್ತು. ಕೊಕ್ಕು ಮಾತ್ರ ಇಲ್ಲ. ಹಳೇ ಕೊಕ್ಕು ಮರದಲ್ಲಿ ಜಾಗ ಹಿಡಿದುಕೊಂಡಿದೆಯಲ್ಲ, ಹೊಸದು ಹೇಗೆ ಬರುತ್ತದೆ?

ಅಜ್ಜಿ ಬೋಳು ಮುಖದ ಗಿಣಿಯನ್ನು ಅಂಗೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ಇಲ್ಲಿ ಕೊಡು, ಒಂದಿಷ್ಟು ಕಲಸು" ಅಂದಳು. ನಾನು ಒಂದು ಚಮಚದಷ್ಟು ಕಲಸಿ ಬೆಣ್ಣೆ ಹದಕ್ಕೆ ಬರಲು ಕಾಯುತ್ತಿದ್ದೆ. ಅವಳು ಅಷ್ಟರಲ್ಲಿ ಎದ್ದು ಹೋಗಿ ಗಿಣಿಯನ್ನು ಬಚ್ಚಲ ಚೊಂಬಿನಲ್ಲಿ ಮುಳುಗಿಸಿದಳು. ನಾನು ಹೇಳಿರಲಿಲ್ಲ. ಗಟ್ಟಿಯಾದ ಪಿಒಪಿಯ ಮೇಲೆ ಹೊಸದನ್ನು ಮೆತ್ತುವ ಮೊದಲು ಹಳೆಯದನ್ನು ನೆನೆಸಬೇಕು, ಇಲ್ಲದಿದ್ದರೆ ಅದು ಹೊಸದರ ನೀರನ್ನೆಲ್ಲ ಹೀರಿಬಿಡುತ್ತದೆ, ಮೆತ್ತಿದ್ದು ಉದುರಿಹೋಗುತ್ತದೆ. ನಾನು ಇದನ್ನು ಎರಡು ಕುದುರೆ ಕಿವಿ ಕಳೆದುಕೊಂಡು ಕಲಿತಿದ್ದೆ. ಪಿಒಪಿಯನ್ನು ಅದೇ ಮೊದಲ ಸಲ ಕೈಯಲ್ಲಿ ಹಿಡಿದವಳು ಗುಳ್ಳೆ ಬರುವುದು ನಿಲ್ಲುವ ತನಕ ಗಿಣಿಯನ್ನು ಚೊಂಬಿನಲ್ಲೇ ಒತ್ತಿ ಹಿಡಿದಿದ್ದಳು.

ಆಮೇಲೆ ಒಂದು ಕಡಲೆಕಾಳಿನಷ್ಟು ಪಿಒಪಿಯನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ಮುಖಕ್ಕೆ ಒತ್ತಿದಳು. ಹೆಬ್ಬೆರಳಿನಿಂದ ಕೆಳಗೆ ಬಾಗಿಸಿದಳು. ಬೆಂಕಿಕಡ್ಡಿಯಿಂದ ನಡುವೆ ಒಂದು ಗೆರೆ ಎಳೆದಳು, ಮೇಲಿನ ಕೊಕ್ಕು, ಕೆಳಗಿನ ಕೊಕ್ಕು. "ಅಚ್ಚಿನಲ್ಲಿ ಇದು ಇಷ್ಟು ಬಾಗಿರಲಿಲ್ಲ ಕಣೇ. ನಂಗೆ ಆವಾಗಿಂದ್ಲೂ ಅದು ಕಾಗೆ ಥರ ಕಾಣ್ತಿತ್ತು" ಅಂದಳು.

ತುಮಕೂರಿಗೆ ಬಂದು ಆ ಗಿಣಿಗೆ ಸಿಲಿಕೋನ್ ಅಚ್ಚು ತೆಗೆದೆ. ಈ ಸಿಲಿಕೋನ್ ತಿನ್ನುವ ಪದಾರ್ಥಕ್ಕೆ ಅಲ್ಲ, ಗಿಣಿ ಇನ್ನು ಸಕ್ಕರೆಯಲ್ಲಿ ಬರುವುದಿಲ್ಲ. ನಾಲ್ಕು ಗಿಣಿ ಹೊಯ್ದಿದ್ದೇನೆ, ನಾಲ್ಕು ಮನೆಗೆ. ಎಳ್ಳಿನ ತಟ್ಟೆಯಲ್ಲಿ ಮಕ್ಕಳು ಸಕ್ಕರೆ ಅಂದುಕೊಂಡು ಬಾಯಿಗೆ ಹಾಕಬಾರದು ಅಂತ ಹಸಿರು ಬಣ್ಣ ಹಚ್ಚಿದೆ. ಕೊಕ್ಕಿಗೆ ಮಾತ್ರ ಕೆಂಪು ತುಂಬಾ ತೆಳ್ಳಗೆ, ಒಂದೇ ಕೈ. ಅದರ ಬುಡದಲ್ಲಿ ಅಜ್ಜಿಯ ಹೆಬ್ಬೆರಳಿನ ಗೆರೆಗಳಿವೆ. ದಪ್ಪ ಹಚ್ಚಿದರೆ ಮುಚ್ಚಿಹೋಗುತ್ತವೆ.